ನೆತ್ತರು ಹೀರುವ ಬಾವಲಿಯ ಭಯವೂ ನಾಯಿ ಕಡಿತದ ಅಲಕ್ಷ್ಯವೂ

ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಗೋವಿನಜೋಳದ ಕ್ಷೇತ್ರೋತ್ಸವ ನಡೆದಿತ್ತು. ತಳಿಯ ಆಯ್ಕೆ, ಸಾಲಿನ ಅಂತರ, ಮೇಲುಗೊಬ್ಬರ, ಫಾಲ್ ಸೈನಿಕ ಹುಳುವಿನ ಹತೋಟಿ ಇವುಗಳ ಬಗ್ಗೆ ನಾನು ಒಂದು ತಾಸು ಮಾತನಾಡಿದೆ. ಪ್ರಶ್ನೆಗಳಿದ್ದರೆ ಕೇಳಿರೆಂದಾಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ರೈತರೊಬ್ಬರು ಎದ್ದು ನಿಂತರು. ಅವರ ಪ್ರಶ್ನೆ ಗೋವಿನಜೋಳದ ಬಗ್ಗೆ ಇರಲಿಲ್ಲ. “ಸಾಹೇಬ್ರ, ನಮ್ಮೂರ ಹಳೇ ಗುಡ್ಯಾಗ ತೊಗಲಬಾವಲಿ ಭಾಳ ಅದಾವ. ಅವು ದನದ ನೆತ್ತರ ಕುಡೀತಾವಂತ, ಅದರಿಂದ ದನಕ್ಕ ಹುಚ್ಚ ಹಿಡೀತದಂತ. ಖರೇ ಏನ್ರೀ?”

ಕೆಲವರು ನಕ್ಕರು. ಆದರೆ ಕೇಳಿದವರ ಮುಖದಲ್ಲಿ ನಗೆ ಇರಲಿಲ್ಲ. ಅವರ ಜೋಡೆತ್ತಿನಲ್ಲಿ ಒಂದು ಮೂರು ದಿನಗಳ ಹಿಂದೆ ಸತ್ತಿತ್ತು. ಮೇವು ಬಿಟ್ಟು, ಜೊಲ್ಲು ಸುರಿಸಿ, ದನಿ ಒಡೆದು ಒಂದೇ ಸಮನೆ ಕೂಗಿ, ಹಿಂಗಾಲು ಸೋತು ನೆಲಕ್ಕೆ ಬಿದ್ದು ಪ್ರಾಣ ಬಿಟ್ಟಿತಂತೆ. ಊರಿನ ಹುಡುಗನೊಬ್ಬ ಅಮೆರಿಕದ ರಕ್ತಹೀರುಕ ಬಾವಲಿಗಳ ಚಿತ್ರವನ್ನು ಮೊಬೈಲಿನಲ್ಲಿ ನೋಡಿದ್ದ. ಅವು ದನಗಳಿಗೆ ರೇಬೀಸ್ ಹರಡುತ್ತವೆಂದು ಅದರಲ್ಲಿ ಹೇಳಿದ್ದರು. ಅಷ್ಟೇ ಸಾಕಾಯಿತು. ಬರುವ ಅಮಾವಾಸ್ಯೆಯ ದಿನ ಗುಡಿಯೊಳಗೆ ಟೈರು ಸುಟ್ಟು ಹೊಗೆ ಹಾಕಿ ಬಾವಲಿಗಳನ್ನೆಲ್ಲ ಕೊಲ್ಲಬೇಕೆಂದು ಯುವಕರು ತೀರ್ಮಾನಿಸಿದ್ದರು.

ನಾನು ಬೆಳೆಶಾಸ್ತ್ರದವನು, ಪಶುವೈದ್ಯನಲ್ಲ. ಆದರೂ ಎತ್ತಿಗೆ ಇತ್ತೀಚೆಗೆ ನಾಯಿ ಏನಾದರೂ ಕಚ್ಚಿತ್ತೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಹೌದು, ಸುಮಾರು ಒಂದೂವರೆ ತಿಂಗಳ ಹಿಂದೆ ಹೊಲದಲ್ಲಿ ಕಟ್ಟಿದ್ದಾಗ ಎಲ್ಲಿಂದಲೋ ಬಂದ ನಾಯಿ ಮೂಗಿಗೆ ಬಾಯಿ ಹಾಕಿತ್ತು ಎಂದರು. ಗಾಯಕ್ಕೆ ಸುಣ್ಣ ಮತ್ತು ಖಾರಪುಡಿ ತುಂಬಿದ್ದರು. ಗಾಯ ಮಾಯಿತು, ವಿಷಯ ಮರೆತರು. ಎತ್ತಿಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ತಿಳಿದು ಅವರ ಮಗ ಮತ್ತು ಅಳಿಯ ಇಬ್ಬರೂ ಬಾಯೊಳಗೆ ಮೊಣಕೈವರೆಗೆ ಕೈ ಹಾಕಿ ನೋಡಿದ್ದರು, ಎರಡು ದಿನ ಗೊಟ್ಟದಿಂದ ಕಷಾಯ ಕುಡಿಸಿದ್ದರು. ಮಗನ ಬೆರಳಿನಲ್ಲಿ ಕುಡುಗೋಲು ತಾಗಿದ ಹಸಿ ಗಾಯವಿತ್ತು.

ಮಿದುಳಿನ ಪರೀಕ್ಷೆ ಮಾಡದೆ ರೇಬೀಸ್ ಎಂದು ಖಚಿತವಾಗಿ ಹೇಳಲಾಗದು. ಎತ್ತನ್ನಂತೂ ಆಗಲೇ ಹೂಳಿಯಾಗಿತ್ತು. ಪರಿಚಯದ ಪಶುವೈದ್ಯರೊಬ್ಬರಿಗೆ ಅಲ್ಲಿಂದಲೇ ಫೋನು ಮಾಡಿ ಲಕ್ಷಣ ಹೇಳಿದಾಗ, ಬೇರೆ ಯೋಚನೆ ಮಾಡದೆ ಆ ಇಬ್ಬರನ್ನು ಮೊದಲು ಆಸ್ಪತ್ರೆಗೆ ಕಳಿಸಿರಿ ಎಂದರು. ಮರುದಿನ ಬೆಳಿಗ್ಗೆ ಅವರು ತಾಲೂಕು ಆಸ್ಪತ್ರೆಗೆ ಹೋದರು. ಇಡೀ ಊರು ಗುಡಿಯ ಬಾವಲಿಯ ಕಡೆಗೆ ಬೆರಳು ತೋರಿಸುತ್ತಿದ್ದಾಗ, ಅಪಾಯದಲ್ಲಿದ್ದ ಇಬ್ಬರು ಯುವಕರ ಕಡೆಗೆ ಯಾರೂ ನೋಡಿರಲಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ರಕ್ತಹೀರುಕ ಬಾವಲಿ ಎಲ್ಲಿದೆ?

ಆ ಹುಡುಗ ನೋಡಿದ ಚಿತ್ರ ಸುಳ್ಳಲ್ಲ. ರಕ್ತವನ್ನೇ ಕುಡಿದು ಬದುಕುವ ಬಾವಲಿಗಳು ಪ್ರಪಂಚದಲ್ಲಿ ಮೂರು ಜಾತಿಯವು ಇವೆ. ಮೂರೂ ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದವರೆಗಿನ ನಾಡುಗಳಲ್ಲಿ ಮಾತ್ರ ಇರುತ್ತವೆ. ಅವುಗಳಲ್ಲಿ ಎರಡು ಹೆಚ್ಚಾಗಿ ಹಕ್ಕಿಗಳ ರಕ್ತವನ್ನು ಅವಲಂಬಿಸಿವೆ. ದನಗಳಿಗೆ ಕಾಟ ಕೊಡುವುದು ಡೆಸ್ಮೋಡಸ್ ಎಂಬ ಸಾಮಾನ್ಯ ರಕ್ತಹೀರುಕ ಬಾವಲಿ. ಅದರ ತೂಕ 25ರಿಂದ 40 ಗ್ರಾಂ, ಅಂದರೆ ಒಂದು ಸಣ್ಣ ಇಲಿಯಷ್ಟು.

ಈ ಪ್ರಾಣಿಯ ದೇಹರಚನೆಯೆಲ್ಲ ಒಂದೇ ಕೆಲಸಕ್ಕಾಗಿ ಹೊಂದಿಕೊಂಡಿದೆ. ಮುಂದಿನ ಮೇಲ್ಹಲ್ಲುಗಳಿಗೆ ಗಟ್ಟಿ ಹೊರಪದರವಿಲ್ಲದ್ದರಿಂದ ಅವು ಕ್ಷೌರದ ಅಲಗಿನಂತೆ ಸದಾ ಹರಿತವಾಗಿರುತ್ತವೆ. ಮೂಗಿನ ಸುತ್ತ ಬಿಸಿಯನ್ನು ಗುರುತಿಸುವ ನರಗಳಿವೆ. ಚರ್ಮದ ಕೆಳಗೆ ರಕ್ತ ಎಲ್ಲಿ ಹತ್ತಿರವಾಗಿ ಹರಿಯುತ್ತಿದೆ ಎಂಬುದು ಅದಕ್ಕೆ ಕತ್ತಲಲ್ಲಿಯೂ ತಿಳಿಯುತ್ತದೆ. ದನದ ಮೇಲೆ ನೇರವಾಗಿ ಎರಗುವುದು ಕಡಮೆ. ಹತ್ತಿರದಲ್ಲಿ ನೆಲಕ್ಕಿಳಿದು, ರೆಕ್ಕೆಗಳನ್ನು ಮುಂಗಾಲಿನಂತೆ ಊರಿ ನಡೆದು ಬರುತ್ತದೆ, ಓಡಬಲ್ಲದು, ಜಿಗಿಯಬಲ್ಲದು. ಮಲಗಿದ ದನದ ಗೊರಸಿನ ಮೇಲ್ಭಾಗ, ಕಿವಿ, ಕುತ್ತಿಗೆಯ ಬಳಿ ಸಣ್ಣ ಗಾಯ ಮಾಡಿ, ಒಸರುವ ರಕ್ತವನ್ನು ನಾಲಿಗೆಯಿಂದ ನೆಕ್ಕುತ್ತದೆ. ‘ಹೀರುವುದು’ ಎಂಬ ಮಾತು ನಾವು ರೂಢಿಯಿಂದ ಹೇಳುವುದು, ವಾಸ್ತವವಾಗಿ ಅದು ಬೆಕ್ಕು ಹಾಲು ನೆಕ್ಕಿದ ಹಾಗೆ. ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ್ಯವಿದೆ. ಅರ್ಧ ತಾಸಿನಲ್ಲಿ ತನ್ನ ತೂಕದ ಸುಮಾರು ಅರ್ಧದಷ್ಟು ರಕ್ತ ಕುಡಿಯುತ್ತದೆ, ಅಂದರೆ ನಮ್ಮ ಲೆಕ್ಕದಲ್ಲಿ ಒಂದೆರಡು ಚಮಚ. ಅಷ್ಟು ಭಾರ ಹೊತ್ತು ಹಾರಲಾಗದೆ, ಕುಡಿಯುತ್ತಿರುವಾಗಲೇ ರಕ್ತದ ನೀರಿನಂಶವನ್ನು ಮೂತ್ರವಾಗಿ ಹೊರಹಾಕಲು ತೊಡಗುತ್ತದೆ.

ಎರಡು ಮೂರು ರಾತ್ರಿ ಆಹಾರ ಸಿಗದಿದ್ದರೆ ಅದು ಸಾಯುತ್ತದೆ. ಆದ್ದರಿಂದ ಹಸಿದು ಬಂದ ಒಡನಾಡಿಗೆ ಹೊಟ್ಟೆ ತುಂಬಿದ ಬಾವಲಿ ತಾನು ಕುಡಿದ ರಕ್ತವನ್ನು ಕಕ್ಕಿ ಕೊಡುತ್ತದೆ. ಕೋಸ್ಟರಿಕದಲ್ಲಿ ಇದನ್ನು ಕಂಡುಕೊಂಡ ವಿಲ್ಕಿನ್ಸನ್ ಎಂಬ ವಿಜ್ಞಾನಿ 1984ರಲ್ಲಿ ಪ್ರಕಟಿಸಿದರು. ಇಂದು ಕೊಟ್ಟದ್ದನ್ನು ನಾಳೆ ಪಡೆಯುವ ಈ ಮುಯ್ಯಿ ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ. ಆದರೆ ಹೀಗೆ ಬಾಯಿಗೆ ಬಾಯಿ ಕೊಟ್ಟು, ಒಂದಕ್ಕೊಂದು ಮೈನೆಕ್ಕಿಕೊಂಡು, ಕಚ್ಚಾಡಿಕೊಂಡು ಒತ್ತೊತ್ತಾಗಿ ಇರುವ ಗುಂಪಿನಲ್ಲಿ ವಿಷಾಣು ಸುಲಭವಾಗಿ ಉಳಿದುಕೊಳ್ಳುತ್ತದೆ.

ಯುರೋಪಿನವರು ದನ, ಕುದುರೆ, ಹಂದಿಗಳನ್ನು ಹಡಗಿನಲ್ಲಿ ತರುವವರೆಗೆ ಅಲ್ಲಿ ಈ ಬಾವಲಿಗಳು ಕಾಡುಪ್ರಾಣಿಗಳನ್ನು ನಂಬಿ ಬದುಕಿದ್ದವು. ಕಾಡು ಕಡಿದು ಸಾವಿರಾರು ಎಕರೆ ಹುಲ್ಲುಗಾವಲು ಮಾಡಿ ದನ ಬಿಟ್ಟ ಮೇಲೆ ಅವುಗಳಿಗೆ ಪ್ರತಿ ರಾತ್ರಿ ಹಬ್ಬದ ಊಟ ಸಿಕ್ಕಿತು, ಸಂಖ್ಯೆಯೂ ಏರಿತು. ಇದರ ಫಲ 20ನೆಯ ಶತಮಾನದ ಆರಂಭದಲ್ಲಿ ಕಂಡಿತು. ಬ್ರೆಜಿಲ್‌ನ ದಕ್ಷಿಣ ಭಾಗದಲ್ಲಿ ದನಗಳು ಲಕ್ವ ಹೊಡೆದಂತೆ ಹಿಂಗಾಲು ಸೋತು ಸಾಯತೊಡಗಿದವು. 1911ರಲ್ಲಿ ಕರೀನಿ ಎಂಬ ವಿಜ್ಞಾನಿ ಇದು ರೇಬೀಸ್ ಎಂದೂ ಬಾವಲಿಗಳು ಹರಡುತ್ತಿರಬಹುದೆಂದೂ ಹೇಳಿದಾಗ ನಂಬಿದವರು ಕಡಮೆ. ಹುಚ್ಚುನಾಯಿಯಿಲ್ಲದೆ ಹುಚ್ಚುರೋಗವೇ ಎಂದು ನಕ್ಕರು. ಮುಂದೆ 1930ರ ದಶಕದಲ್ಲಿ ಟ್ರಿನಿಡಾಡ್ ದ್ವೀಪದ ವೈದ್ಯ ಪವಾನ್ ಅದನ್ನು ಪ್ರಯೋಗದಿಂದ ಸಾಧಿಸಿ ತೋರಿಸಿದರು. ನಮ್ಮ ದೇಶದಿಂದ ಕಬ್ಬಿನ ತೋಟದ ಕೂಲಿಗೆಂದು ಸಾವಿರಾರು ಕುಟುಂಬಗಳು ಹೋದದ್ದು ಇದೇ ಟ್ರಿನಿಡಾಡಿಗೆ.

ಕೊಂದರೆ ರೋಗ ನಿಲ್ಲುವುದೇ?

ಗುಡಿಗೆ ಹೊಗೆ ಹಾಕುವ ಯೋಚನೆ ಅಲ್ಲಿನವರಿಗೂ ಬಂದಿತ್ತು. ಗುಹೆಗಳಿಗೆ ಬೆಂಕಿ ಇಟ್ಟರು, ಸಿಡಿಮದ್ದು ಸಿಡಿಸಿದರು. ಸತ್ತದ್ದು ಹೆಚ್ಚಾಗಿ ಹಣ್ಣು ಮತ್ತು ಹುಳು ತಿನ್ನುವ ನಿರಪರಾಧಿ ಬಾವಲಿಗಳು. 1970ರ ದಶಕದಲ್ಲಿ ಮೆಕ್ಸಿಕೋದಲ್ಲಿ ಇನ್ನೊಂದು ಉಪಾಯ ಕಂಡುಹಿಡಿದರು. ಬಾವಲಿಯನ್ನು ಬಲೆಯಲ್ಲಿ ಹಿಡಿದು ಬೆನ್ನಿಗೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷದ ಮುಲಾಮು ಸವರಿ ಬಿಟ್ಟರೆ, ಗುಂಪಿನ ಇತರ ಬಾವಲಿಗಳು ಅದನ್ನು ನೆಕ್ಕಿ ಸಾಯುತ್ತವೆ. ಇಲಿಪಾಷಾಣದಲ್ಲಿ ಬಳಸುವ ವಾರ್ಫರಿನ್ ಜಾತಿಯ ವಿಷವೇ ಇದು. ಇದರಿಂದ ದನಗಳ ಮೇಲಿನ ಕಡಿತ ಕಡಮೆಯಾದದ್ದು ನಿಜ.

ರೋಗದ ಮಾತು ಬೇರೆ. ಪೆರು ದೇಶದಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿದ ಸ್ಟ್ರೈಕರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ವರದಿಯಂತೆ, ಬಾವಲಿಗಳನ್ನು ಆಗಾಗ ಕೊಂದ ಕಡೆಗಳಲ್ಲಿಯೂ ಅವುಗಳಲ್ಲಿ ರೇಬೀಸಿನ ಸೋಂಕು ತಗ್ಗಿರಲಿಲ್ಲ. 2023ರಲ್ಲಿ ಬಂದ ಇನ್ನೊಂದು ವರದಿಯೂ, ರೋಗ ಕಾಣಿಸಿಕೊಂಡ ಮೇಲೆ ಕೊಲ್ಲುವುದರಿಂದ ದನಗಳ ಸಾವು ತಗ್ಗುವುದಿಲ್ಲ, ಬಾವಲಿಗಳು ಚದುರಿ ವಿಷಾಣು ಇನ್ನಷ್ಟು ಹರಡಲೂಬಹುದು ಎಂದು ಹೇಳಿತು. ಜೇನುಗೂಡಿಗೆ ಕಲ್ಲೆಸೆದರೆ ನೊಣ ಊರೆಲ್ಲ ಹರಡುವಂತೆ, ಕೆಣಕಿದ ಗುಂಪಿನಿಂದ ಉಳಿದವು ಬೇರೆ ಗುಹೆ ಸೇರುತ್ತವೆ. ಅಲ್ಲಿ ದನಗಳನ್ನು ಕಾಯುವುದು ಲಸಿಕೆ. ರಕ್ತಹೀರುಕ ಬಾವಲಿ ಇರುವ ನಾಡಿನಲ್ಲಿಯೇ ಕೊಲ್ಲುವುದರಿಂದ ರೋಗ ನಿಲ್ಲಲಿಲ್ಲವೆಂದ ಮೇಲೆ, ಅದು ಇಲ್ಲದ ನಾಡಿನಲ್ಲಿ ಟೈರು ಸುಡುವುದಕ್ಕೆ ಏನೆನ್ನಬೇಕು?

ಏಕೆಂದರೆ ಭಾರತದಲ್ಲಿ ರಕ್ತ ಕುಡಿದು ಬದುಕುವ ಬಾವಲಿ ಒಂದೂ ಇಲ್ಲ. ಇಡೀ ಏಷ್ಯಾದಲ್ಲಿಯೇ ಇಲ್ಲ. ನಡುವೆ ಮಹಾಸಾಗರವಿದೆ, ಒಂದು ರಾತ್ರಿಗೆ ಹತ್ತಿಪ್ಪತ್ತು ಕಿಲೋಮೀಟರ್ ಸುತ್ತುವ ಪ್ರಾಣಿ ಅದನ್ನು ದಾಟಿ ಬರಲಾರದು. ವಿಚಿತ್ರವೆಂದರೆ ಅದೇ ಅಮೆರಿಕದಿಂದ ನಮಗೆ ಬಂದದ್ದು ಕಡಮೆಯೇನಲ್ಲ. ಬ್ಯಾಡಗಿಗೆ ಹೆಸರು ತಂದ ಮೆಣಸಿನಕಾಯಿಯ ಮೂಲ ಅಲ್ಲಿಯದು. ಹಾವೇರಿ ಜಿಲ್ಲೆಯ ಹೊಲಗಳನ್ನೆಲ್ಲ ತುಂಬಿರುವ ಗೋವಿನಜೋಳ, ನಮ್ಮ ಶೇಂಗಾ ಅಲ್ಲಿಯವು. ಕೊನೆಗೆ ಫಾಲ್ ಸೈನಿಕ ಹುಳುವೂ ಅಲ್ಲಿಂದಲೇ ಬಂತು. 2018ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಶಿವಮೊಗ್ಗದಲ್ಲಿ ಅದನ್ನು ದೇಶದಲ್ಲಿಯೇ ಮೊದಲು ಗುರುತಿಸಿದರು. ಬಾರದೆ ಉಳಿದದ್ದು ಆ ಬಾವಲಿ ಮಾತ್ರ. ಬಂದ ಹುಳುವಿನ ಪತಂಗವನ್ನು ಹಿಡಿದು ತಿನ್ನಬಲ್ಲ ನಮ್ಮ ಬಾವಲಿಯನ್ನು, ಬಾರದ ಬಾವಲಿಯ ಹೆಸರಿನಲ್ಲಿ ಕೊಲ್ಲಲು ಹೊರಟಿದ್ದೇವೆ.

ಗೊಂದಲಕ್ಕೆ ಒಂದು ಕಾರಣ ಹೆಸರು. ನಮ್ಮಲ್ಲಿ ಒಂದು ಬಾವಲಿಗೆ ಇಂಗ್ಲಿಷಿನಲ್ಲಿ ‘ಫಾಲ್ಸ್ ವ್ಯಾಂಪೈರ್’, ಅಂದರೆ ಹುಸಿ ರಕ್ತಹೀರುಕ ಎಂಬ ಹೆಸರಿದೆ. ಬೂದು ಬಣ್ಣ, ಬಾಲವಿಲ್ಲ, ನೆತ್ತಿಯ ಮೇಲೆ ಒಂದಕ್ಕೊಂದು ಕೂಡಿದ ದೊಡ್ಡ ಕಿವಿಗಳು, ಮೂಗಿನ ಮೇಲೆ ಎದ್ದುನಿಂತ ಎಲೆಯಂಥ ಚರ್ಮ: ನೋಡಿದವರಿಗೆ ಭಯವಾಗುವುದು ಸಹಜ. ಹಳೆಯ ಗುಡಿ, ಕೋಟೆ, ಪಾಳುಮನೆ, ಬಳಸದ ಬಾವಿಗಳಲ್ಲಿ ಅದರ ವಾಸ. ಚೌಡದಾನಪುರ, ಗಳಗನಾಥದಂಥ ಕಲ್ಲುಗುಡಿಗಳ ಈ ನಾಡಿನಲ್ಲಿ ಬಾವಲಿಗಳಿಗೆ ಕತ್ತಲೆಯ ಜಾಗಕ್ಕೆ ಕೊರತೆಯಿಲ್ಲ. ಈ ಹುಸಿ ರಕ್ತಹೀರುಕ ಮಾಂಸಾಹಾರಿ. ಇಲಿ, ಕಪ್ಪೆ, ಹಲ್ಲಿ, ದೊಡ್ಡ ಹುಳುಗಳು, ಒಮ್ಮೊಮ್ಮೆ ಸಣ್ಣ ಹಕ್ಕಿಗಳನ್ನು ಹಿಡಿಯುತ್ತದೆ. ಒಣ ಎಲೆಯ ಮೇಲೆ ಇಲಿ ನಡೆದ ಸಪ್ಪಳವೇ ಅದಕ್ಕೆ ಸಾಕು. ಹಿಡಿದದ್ದನ್ನು ತಂಗುದಾಣಕ್ಕೆ ತಂದು ತಲೆಕೆಳಗಾಗಿ ಜೋತು ತಿನ್ನುತ್ತದೆ. ಕೆಳಗೆ ಕಪ್ಪೆಯ ಕಾಲು, ಇಲಿಯ ಬಾಲ, ರೆಕ್ಕೆ, ರಕ್ತದ ಕಲೆ ಬಿದ್ದಿರುತ್ತವೆ. ಬೆಳಿಗ್ಗೆ ಗುಡಿ ಕಸ ಹೊಡೆಯುವವರು ಅದನ್ನು ಕಂಡು ದನದ ನೆತ್ತರೆಂದು ತಿಳಿದರೆ ಅವರ ತಪ್ಪಲ್ಲ. ಇಲಿ ತಿನ್ನುವ ಪ್ರಾಣಿಯ ಮೇಲೆ ರೈತ ಮುನಿಯಬಾರದೆಂದಷ್ಟೇ ನನ್ನ ವಿನಂತಿ.

ಇನ್ನೊಂದು ಮಾತನ್ನೂ ಕೇಳಿದ್ದೇನೆ: ಕೆಲವು ಸಲ ಬೆಳಗಾದಾಗ ದನದ ಕುತ್ತಿಗೆ, ಹೆಗಲ ಮೇಲೆ ನೆತ್ತರು ಇಳಿದ ಗುರುತು ಇರುತ್ತದಂತೆ. ಪ್ಯಾರಾಫಿಲೇರಿಯಾ ಎಂಬ ದಾರದಂಥ ಹುಳು ಚರ್ಮದ ಕೆಳಗೆ ಗಂಟು ಕಟ್ಟಿ, ಗಂಟು ಒಡೆದಾಗ ಹೀಗೆ ರಕ್ತ ಜಿನುಗುತ್ತದೆ. ಇದನ್ನು ಹರಡುವುದು ನೊಣ. ಪಶುವೈದ್ಯರ ಬಳಿ ಚಿಕಿತ್ಸೆ ಇದೆ. ಉಣ್ಣೆ ಕಿತ್ತ ಗಾಯ, ಕಾಗೆ ಕುಕ್ಕಿದ ಗಾಯದಿಂದಲೂ ರಕ್ತ ಬರುತ್ತದೆ.

ನಮ್ಮ ಕೊಟ್ಟಿಗೆಯ ನಿಜವಾದ ಶತ್ರು

ಅಮೆರಿಕದಲ್ಲಿ ಆ ಬಾವಲಿ ಮಾಡುವ ಕೆಲಸವನ್ನು ನಮ್ಮಲ್ಲಿ ನಾಯಿ ಮಾಡುತ್ತದೆ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59,000 ಜನ ರೇಬೀಸಿನಿಂದ ಸಾಯುತ್ತಾರೆಂದು ಅಂದಾಜು. ಮನುಷ್ಯರಿಗೆ ತಗಲುವ ರೇಬೀಸಿನಲ್ಲಿ ಶೇಕಡಾ 99ರಷ್ಟು ನಾಯಿಯಿಂದ ಬಂದದ್ದು. ಮನೆಯ ಬಾಗಿಲಲ್ಲಿ ಬಾಲ ಆಡಿಸುವ ಪ್ರಾಣಿಯ ಮೇಲೆ ನಮಗೆ ಭಯ ಹುಟ್ಟುವುದಿಲ್ಲ. ಕತ್ತಲಲ್ಲಿ ತಲೆಕೆಳಗಾಗಿ ನೇತಾಡುವ ಕುರೂಪಿಯ ಮೇಲೆ ಹುಟ್ಟುತ್ತದೆ. ಇದು ಮನುಷ್ಯನ ಸ್ವಭಾವ, ಆದರೆ ಈ ಸ್ವಭಾವಕ್ಕೆ ನಾವು ತೆರುವ ಬೆಲೆ ದೊಡ್ಡದು.

ಕಚ್ಚಿದ ನಾಯಿಯ ಜೊಲ್ಲಿನಿಂದ ವಿಷಾಣು ಗಾಯದೊಳಗೆ ಸೇರುತ್ತದೆ. ಅಲ್ಲಿಂದ ನರದ ದಾರಿ ಹಿಡಿದು ನಿಧಾನವಾಗಿ ಮಿದುಳಿನ ಕಡೆಗೆ ಹೊರಡುತ್ತದೆ. ಇದಕ್ಕೆ ಕೆಲವು ವಾರಗಳಿಂದ ಕೆಲವು ತಿಂಗಳು ಬೇಕು. ಗಾಯ ಮುಖಕ್ಕೆ, ತಲೆಗೆ ಹತ್ತಿರವಿದ್ದಷ್ಟೂ ಬೇಗ. ಈ ನಡುವಿನ ಕಾಲವೇ ನಮ್ಮ ಅದೃಷ್ಟ, ಲಸಿಕೆ ಕೆಲಸ ಮಾಡುವುದು ಆಗಲೇ. ಲಕ್ಷಣ ಕಾಣಿಸಿಕೊಂಡ ಮೇಲೆ ದನಕ್ಕೂ ಮನುಷ್ಯನಿಗೂ ಸಾವು ತಪ್ಪುವುದಿಲ್ಲ. ಗಾಯ ಮಾಯಿತೆಂದು ಸುಮ್ಮನಾಗುವುದು ಇದೇ ಕಾರಣಕ್ಕೆ ಮೋಸ.

ಖಾರಪುಡಿ, ಸುಣ್ಣ, ಎಣ್ಣೆ, ಅರಿಸಿನ, ಗಿಡಮೂಲಿಕೆಯ ರಸ ಯಾವುದನ್ನೂ ಗಾಯಕ್ಕೆ ತುಂಬಬಾರದು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಪ್ರಸಿದ್ಧ, ಗುಂಟೂರಿನದು ಖಾರಕ್ಕೆ. ಎರಡರಲ್ಲಿ ಯಾವುದೂ ವಿಷಾಣುವನ್ನು ಕೊಲ್ಲುವುದಿಲ್ಲ. ಉರಿಯಿಂದ ಗಾಯ ಇನ್ನಷ್ಟು ಕೆರಳುತ್ತದೆ, ಅಷ್ಟೇ. ಮಾಡಬೇಕಾದ ಕೆಲಸ ಬಹಳ ಸರಳ, ಸರಳವಾದ್ದರಿಂದಲೇ ಜನ ನಂಬುವುದಿಲ್ಲ: ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯುವುದು. ರೇಬೀಸ್ ವಿಷಾಣುವಿಗೆ ಕೊಬ್ಬಿನ ಹೊದಿಕೆ ಇದೆ, ಸಾಬೂನು ಅದನ್ನು ಕರಗಿಸುತ್ತದೆ. ಹೊಲದ ಪಂಪ್‌ಸೆಟ್ಟಿನ ನೀರು, ಬಟ್ಟೆ ತೊಳೆಯುವ ಸಾಬೂನು ಸಾಕು. ಆಮೇಲೆ ಅಯೋಡಿನ್ ಹಚ್ಚಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಹಿರಿಯರು ಹೊಟ್ಟೆಗೆ ಹದಿನಾಲ್ಕು ಸೂಜಿ ಎಂದು ಇಂದಿಗೂ ಹೆದರಿಸುತ್ತಾರೆ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2004-05ರ ಹೊತ್ತಿಗೇ ನಿಂತುಹೋಯಿತು. ಈಗಿನದು ತೋಳಿಗೆ ಕೊಡುವ ಲಸಿಕೆ. ಸರಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಪದ್ಧತಿಯಲ್ಲಿ ಮೊದಲ ದಿನ, ನಂತರ 3, 7 ಮತ್ತು 28ನೆಯ ದಿನ, ಹೀಗೆ ನಾಲ್ಕು ಸಲ ಹೋಗಬೇಕಾಗುತ್ತದೆ. ರಕ್ತ ಬರುವಂತೆ ಕಚ್ಚಿದ್ದರೆ ಗಾಯದ ಸುತ್ತ ಕೊಡುವ ರೋಗನಿರೋಧಕ ಸೀರಂ ಕೂಡ ಬೇಕು. ವೈದ್ಯರನ್ನು ಕೇಳಿ ಪಡೆಯಿರಿ. ಎರಡು ಸೂಜಿಯಾದ ಮೇಲೆ ರಾಶಿಯ ಕೆಲಸವಿದೆಯೆಂದು ಬಿಡುವವರು ಬಹಳ. ಬಿಡಬಾರದು.

ನಾಯಿ ಕಚ್ಚಿದ ದನಕ್ಕೂ ಇದೇ ರೀತಿ ಗಾಯ ತೊಳೆದು, ಪಶುವೈದ್ಯರು ಹೇಳಿದ ದಿನಗಳಂದು ಲಸಿಕೆ ಹಾಕಿಸಬಹುದು. ಗಾಯ ತೊಳೆಯುವವರು ಕೈಗೆ ರಬ್ಬರ್ ಗವಸು ಹಾಕಿಕೊಳ್ಳಲಿ, ಸಿಗದಿದ್ದರೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಲಿ. ಎಲ್ಲಕ್ಕಿಂತ ಮುಖ್ಯವಾದದ್ದು ಕೈ ಹಾಕುವ ವಿಷಯ. ರೇಬೀಸ್ ತಗಲಿದ ದನದ ಗಂಟಲಿನ ಸ್ನಾಯು ಸೋತು ನುಂಗಲಾಗದೆ ಜೊಲ್ಲು ಸುರಿಯುತ್ತದೆ. ನೋಡುವವರಿಗೆ ಗಂಟಲಲ್ಲಿ ಮೆಕ್ಕೆಯ ದಿಂಡೋ ಗಜ್ಜರಿಯೋ ಸಿಕ್ಕಿದಂತೆ ಕಾಣುತ್ತದೆ. ಮೇವು ಬಿಟ್ಟು, ದನಿ ಬದಲಾಗಿ, ಪದೇ ಪದೇ ತಿಣುಕುತ್ತ, ಹಿಂಗಾಲು ಎಳೆಯುವ ದನದ ಬಾಯಿಗೆ ದಯವಿಟ್ಟು ಕೈ ಹಾಕಬೇಡಿ, ಗೊಟ್ಟ ಹಿಡಿಯಬೇಡಿ. ಅದರ ಹಾಲು ಕರೆಯಬೇಡಿ. ಪಶುವೈದ್ಯರು ಬರುವವರೆಗೆ ಬೇರೆಯಾಗಿ ಕಟ್ಟಿ ದೂರವಿರಿ. ಸತ್ತರೆ ಚರ್ಮ ಸುಲಿಸದೆ ಆಳವಾಗಿ ಹೂಳಬೇಕು.

ಹುಚ್ಚುರೋಗ ನಿಲ್ಲಿಸಲು ಹೊಗೆ ಹಾಕಬೇಕಾದ ಗುಡಿ ಯಾವುದೂ ಇಲ್ಲ, ಲಸಿಕೆ ಹಾಕಬೇಕಾದ ನಾಯಿಗಳಿವೆ. ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಪ್ರತಿ ವರ್ಷ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆ. ಇದು ಬರಿಯ ಪುಸ್ತಕದ ಮಾತಲ್ಲ. ನೆರೆಯ ಗೋವಾದಲ್ಲಿ 2013ರಿಂದ 2019ರವರೆಗೆ ನಾಯಿಗಳಿಗೆ ಲಸಿಕೆ ಹಾಕುವ ಕೆಲಸ ನಡೆದು, ನಾಯಿಗಳಲ್ಲಿ ರೇಬೀಸ್ ಶೇಕಡಾ 92ರಷ್ಟು ಇಳಿಯಿತು. ಗ್ರಾಮ ಪಂಚಾಯಿತಿಯ ಸಭೆಯಲ್ಲಿ ರಸ್ತೆ, ಗಟಾರದ ಜೊತೆಗೆ ಈ ವಿಷಯವನ್ನೂ ಎತ್ತಬೇಕು.

ಹಣ್ಣುಬಾವಲಿ ಮತ್ತು ನಿಪಾ

ಬಾವಲಿಗಳಿಂದ ಯಾವ ರೋಗವೂ ಬರುವುದಿಲ್ಲವೆಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಆಲ, ಅರಳಿ, ಹುಣಸೆ ಮರಗಳಲ್ಲಿ ಹಗಲೆಲ್ಲ ಜೋತುಬೀಳುವ ದೊಡ್ಡ ಹಣ್ಣುಬಾವಲಿ ನಿಪಾ ವಿಷಾಣುವನ್ನು ಹೊತ್ತಿರಬಲ್ಲದು. 1998-99ರಲ್ಲಿ ಮಲೇಷ್ಯಾದಲ್ಲಿ ಈ ರೋಗ ಮೊದಲು ಕಂಡದ್ದು ಹಂದಿ ಸಾಕುವವರಲ್ಲಿ. ಹಂದಿದೊಡ್ಡಿಗಳ ಪಕ್ಕದಲ್ಲಿಯೇ ಮಾವಿನ ಗಿಡ ನೆಟ್ಟಿದ್ದರು. ಬಾವಲಿ ಕಚ್ಚಿದ ಹಣ್ಣು ದೊಡ್ಡಿಯೊಳಗೆ ಬಿತ್ತು, ಹಂದಿ ತಿಂದಿತು, ಹಂದಿಯಿಂದ ಮನುಷ್ಯನಿಗೆ ತಗಲಿತು. ನೂರಕ್ಕೂ ಹೆಚ್ಚು ಜನ ಸತ್ತರು, ಹತ್ತು ಲಕ್ಷ ಹಂದಿಗಳನ್ನು ಕೊಂದರು. ತೋಟ ಮತ್ತು ಕೊಟ್ಟಿಗೆಯನ್ನು ಹೇಗೆ ಜೋಡಿಸಬೇಕೆಂಬ ಪ್ರಶ್ನೆ ನಮ್ಮಂಥ ಕೃಷಿಯವರದೇ. ನಮ್ಮ ದೇಶದಲ್ಲಿ 2001ರಲ್ಲಿ ಸಿಲಿಗುರಿಯಲ್ಲಿ, 2018ರಲ್ಲಿ ಕೇರಳದ ಕೋಳಿಕ್ಕೋಡ್ ಭಾಗದಲ್ಲಿ ಈ ರೋಗ ಬಂತು. ಕೇರಳದಲ್ಲಿ ಆ ಬಳಿಕವೂ ಮರುಕಳಿಸಿದೆ.

ಇದಕ್ಕೂ ಮರ ಕಡಿಯುವುದು ಪರಿಹಾರವಲ್ಲ, ನಮ್ಮ ನಡವಳಿಕೆಯೇ ಪರಿಹಾರ. ಹಕ್ಕಿ ಅಥವಾ ಬಾವಲಿ ಕಚ್ಚಿದ ಮಾವು, ಪೇರಲ, ಚಿಕ್ಕು ಹಣ್ಣನ್ನು ಮಕ್ಕಳು ತಿನ್ನಬಾರದು, ಹಂದಿಗೂ ದನಕ್ಕೂ ಹಾಕಬಾರದು. ‘ಗಿಳಿ ಕಚ್ಚಿದ ಹಣ್ಣು ಸಿಹಿ’ ಎಂಬ ಮಾತನ್ನು ಈಗ ಬಿಡುವುದು ಮೇಲು. ಬಿದ್ದ ಹಣ್ಣನ್ನು ಗುಂಡಿಯಲ್ಲಿ ಮುಚ್ಚಬೇಕು. ಈಚಲು ಮರದ ಹಸಿ ರಸದ ಮಡಕೆಗೆ ಮುಚ್ಚಳ ಬೇಕು. ಬಾವಲಿಗಳು ಜೋತುಬೀಳುವ ಮರದ ಕೆಳಗೆ ದನ ಕಟ್ಟಬಾರದು. ನೆಲಕ್ಕೆ ಬಿದ್ದ ಬಾವಲಿಯನ್ನು ಬರಿಗೈಯಿಂದ ಎತ್ತಬಾರದು. ಕಚ್ಚಿದರೆ ನಾಯಿ ಕಡಿತದಂತೆಯೇ ತೊಳೆದು ವೈದ್ಯರಿಗೆ ತೋರಿಸಬೇಕು. ಹಾನಗಲ್ಲಿನ ಮಾವಿನ ತೋಟದವರು ಕಾಯಿಗಳಿಗೆ ಕಾಗದದ ಚೀಲ ಕಟ್ಟಿದರೆ ಬಾವಲಿಯಿಂದಲೂ ಹಣ್ಣುನೊಣದಿಂದಲೂ ರಕ್ಷಣೆ ಸಿಗುತ್ತದೆ.

ಹೊಲದ ಲೆಕ್ಕ

ಇನ್ನು ನನ್ನ ಸ್ವಂತ ವಿಷಯಕ್ಕೆ ಬರುತ್ತೇನೆ. ಸಂಜೆ ಏಳರ ನಂತರ ರಾಣೇಬೆನ್ನೂರಿನ ಬಸ್ ನಿಲ್ದಾಣದಂಥ ಕಡೆ ದೀಪದ ಕಂಬದ ಕೆಳಗೆ ನಿಂತು ಮೇಲೆ ನೋಡಿರಿ. ಬೆಳಕಿಗೆ ಬಂದ ಪತಂಗಗಳ ನಡುವೆ ಏನೋ ಕಪ್ಪಗೆ ಸುಳಿದು ಮಾಯವಾಗುತ್ತದೆ. ಅವು ಹುಳು ತಿನ್ನುವ ಸಣ್ಣ ಬಾವಲಿಗಳು. ಕೆಲವು ನಾಲ್ಕೈದು ಗ್ರಾಂ ಕೂಡ ತೂಗುವುದಿಲ್ಲ. ಒಂದೊಂದೂ ರಾತ್ರಿಗೆ ತನ್ನ ತೂಕದ ಅರ್ಧದಷ್ಟು ಹುಳು ತಿನ್ನಬಲ್ಲದು, ಮರಿಗೆ ಹಾಲೂಡಿಸುವ ಕಾಲದಲ್ಲಿ ಇನ್ನೂ ಹೆಚ್ಚು. ನಮ್ಮ ದೊಡ್ಡ ಶತ್ರುಗಳಾದ ಕಾಯಿಕೊರಕ, ತಂಬಾಕಿನ ಎಲೆ ತಿನ್ನುವ ಹುಳು, ಫಾಲ್ ಸೈನಿಕ ಹುಳು ಇವೆಲ್ಲವುಗಳ ಪತಂಗ ಹಾರಿ ಮೊಟ್ಟೆಯಿಡುವುದು ರಾತ್ರಿಯಲ್ಲಿ. ಹಕ್ಕಿಗಳು ಆಗ ನಿದ್ದೆಯಲ್ಲಿರುತ್ತವೆ. ಫಾಲ್ ಸೈನಿಕ ಹುಳುವಿನ ಒಂದು ಹೆಣ್ಣು ಪತಂಗ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಮೊಟ್ಟೆಯಿಡುವ ಮೊದಲೇ ಅದು ಬಾವಲಿಯ ಬಾಯಿಗೆ ಬಿದ್ದರೆ ಸುಳಿಯೊಳಗೆ ಹುಳು ಹುಡುಕುವ ಪಾಡು ಅಷ್ಟರಮಟ್ಟಿಗೆ ತಪ್ಪಿತು.

ಟೆಕ್ಸಸ್‌ನ ಎಂಟು ಜಿಲ್ಲೆಗಳ ಹತ್ತಿ ಬೆಳೆಯಲ್ಲಿ ಬಾವಲಿಗಳ ಕೆಲಸಕ್ಕೆ ಬೆಲೆ ಕಟ್ಟಿದವರು ವರ್ಷಕ್ಕೆ ಸುಮಾರು 7 ಲಕ್ಷ 40 ಸಾವಿರ ಡಾಲರ್ ಎಂದು 2006ರಲ್ಲಿ ಲೆಕ್ಕ ಕೊಟ್ಟರು. ಅಲ್ಲಿ ಅವು ತಿನ್ನುತ್ತಿದ್ದದ್ದು ನಮ್ಮ ಕಾಯಿಕೊರಕದ ದಾಯಾದಿಯನ್ನೇ. ಇದಕ್ಕಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು 2024ರಲ್ಲಿ ಬಂದ ಫ್ರ್ಯಾಂಕ್ ಅವರ ವರದಿ. 2006ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಕಂಡ ಒಂದು ಶಿಲೀಂಧ್ರ ರೋಗದಿಂದ ಅಮೆರಿಕದ ಬಾವಲಿಗಳು ಲಕ್ಷಗಟ್ಟಲೆ ಸತ್ತವು. ಅವು ಸತ್ತ ಜಿಲ್ಲೆಗಳಲ್ಲಿ ರೈತರು ಕೀಟನಾಶಕದ ಬಳಕೆಯನ್ನು ಶೇಕಡಾ 31ರಷ್ಟು ಹೆಚ್ಚಿಸಿದ್ದರು. ಬಾವಲಿ ಇದ್ದಾಗ ಬಿಟ್ಟಿ ಕೆಲಸ ಮಾಡುತ್ತಿತ್ತೆಂದು ತಿಳಿದದ್ದು ಅದು ಹೋದ ಮೇಲೆ.

ಬಾವಲಿ ಇದ್ದರೆ ಔಷಧಿ ಬೇಡವೆಂದು ನಾನು ಹೇಳುತ್ತಿಲ್ಲ. ಮೆಣಸಿನಕಾಯಿಯನ್ನು ಕಾಡುವ ಥ್ರಿಪ್ಸ್ ನುಸಿಗೆ ಬಾವಲಿಯಿಂದ ಏನೂ ಉಪಕಾರವಿಲ್ಲ. ಮೋಹಕ ಬಲೆ, ಬೇವಿನ ಕಷಾಯ, ಸಕಾಲದ ಸಿಂಪರಣೆ ಎಲ್ಲವೂ ಬೇಕು. ಆದರೆ ವಾರಕ್ಕೊಂದು ಸಿಂಪರಣೆಗೆ ಹಣ ಸುರಿಯುವ ಬ್ಯಾಡಗಿಯ ಬೆಳೆಗಾರನಾಗಲಿ, ರಾಣೇಬೆನ್ನೂರಿನ ಬೀಜೋತ್ಪಾದಕನಾಗಲಿ ರಾತ್ರಿಪಾಳಿಯ ಆಳನ್ನು ತಾನೇ ಹೊಗೆ ಹಾಕಿ ಕೊಲ್ಲುವುದು ಬುದ್ಧಿವಂತಿಕೆಯಲ್ಲ. ಇಲಿ ವರ್ಷಕ್ಕೆ ಹಲವು ಸೂಲು ಹಾಕಿ ನಷ್ಟ ತುಂಬಿಕೊಳ್ಳುತ್ತದೆ. ಬಾವಲಿ ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ ಹಾಕುತ್ತದೆ. ಒಮ್ಮೆ ಕೆಟ್ಟ ಗುಂಪು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ತುಂಬಿಕೊಳ್ಳಲಾರದು. ನಮ್ಮ ರಾಜ್ಯದಲ್ಲಿಯೇ ಕೋಲಾರದ ಹನುಮನಹಳ್ಳಿಯ ಗುಹೆಯನ್ನು ಬಿಟ್ಟರೆ ಬೇರೆಲ್ಲಿಯೂ ಉಳಿದಿರದ ಒಂದು ಬಾವಲಿ ಇದೆ. ಅವು ಈಗ ಕೆಲವು ನೂರು ಮಾತ್ರ. 1972ರ ವನ್ಯಜೀವಿ ಕಾಯಿದೆಯಲ್ಲಿ ಹಣ್ಣುಬಾವಲಿಯನ್ನು ಇಲಿ, ಕಾಗೆಗಳ ಜೊತೆ ಉಪದ್ರವಿಗಳ ಪಟ್ಟಿಗೆ ಸೇರಿಸಿದ್ದರು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದರು.

ಆ ಹಳ್ಳಿಗೆ ಎರಡು ತಿಂಗಳ ನಂತರ ಮತ್ತೆ ಹೋಗಿದ್ದೆ. ಮಗ ಮತ್ತು ಅಳಿಯ ನಾಲ್ಕೂ ಸೂಜಿ ಮುಗಿಸಿದ್ದರು. ಗುಡಿಯಲ್ಲಿ ಟೈರು ಸುಟ್ಟಿರಲಿಲ್ಲ. ಪೂಜೆಗೆ ಹೇಸಿಗೆಯಾಗುತ್ತದೆಂಬ ದೂರು ಮಾತ್ರ ನ್ಯಾಯವಾದದ್ದೇ. ಸಂಜೆ ಬಾವಲಿಗಳು ಹೊರಗೆ ಹೋದ ಮೇಲೆ ಗರ್ಭಗುಡಿಯ ಬಾಗಿಲಿಗೆ ಬಲೆಯ ಪರದೆ ಕಟ್ಟಿ, ಹಿಂದಿನ ಪಾಳು ಮಂಟಪವನ್ನು ಅವುಗಳಿಗೆ ಬಿಟ್ಟಿದ್ದರು. ಒಳಗೆ ಮರಿಗಳಿರುವ ಕಾಲದಲ್ಲಿ ಹೀಗೆ ಮುಚ್ಚಬಾರದೆಂದು ಹೇಳಿ ಬಂದಿದ್ದೆ, ಅದನ್ನೂ ನೆನಪಿಟ್ಟಿದ್ದರು. ಊರಿನ ನಾಯಿಗಳಿಗೆ ಲಸಿಕೆ ಹಾಕಿಸುವ ಮಾತು ಮಾತ್ರ ಇನ್ನೂ ಪಂಚಾಯಿತಿಯ ಮುಂದಿನ ಸಭೆಗೆ ಕಾಯುತ್ತಿತ್ತು.

ಹಿರಿಯರು ಈ ಸಲ ಬೇರೊಂದು ಪ್ರಶ್ನೆ ಇಟ್ಟುಕೊಂಡಿದ್ದರು. ಮಂಟಪದ ನೆಲದ ಮೇಲೆ ಬಾವಲಿಯ ಹಿಕ್ಕೆ ಗೇಣುದ್ದ ಬಿದ್ದಿದೆ, ಮೆಣಸಿನ ಗಿಡಕ್ಕೆ ಹಾಕಬಹುದೇ ಎಂದು ಕೇಳಿದರು. ಹಾಕಬಹುದು, ಸಾರಜನಕವೂ ರಂಜಕವೂ ಅದರಲ್ಲಿ ಚೆನ್ನಾಗಿವೆ. ಆದರೆ ಒಣ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ಕೆಡುಕು ಮಾಡುವ ಶಿಲೀಂಧ್ರ ಇರಬಹುದಾದ್ದರಿಂದ ಮೊದಲು ನೀರು ಚಿಮುಕಿಸಿ, ಬಾಯಿ ಮೂಗಿಗೆ ದಪ್ಪ ಬಟ್ಟೆ ಕಟ್ಟಿಕೊಂಡು ಸಲಿಕೆಯಿಂದ ತುಂಬಬೇಕು. ನೇರವಾಗಿ ಬುಡಕ್ಕೆ ಹಾಕದೆ ತಿಪ್ಪೆಗೊಬ್ಬರದಲ್ಲಿ ಬೆರೆಸಿ, ಪೂರ್ತಿ ಕಳಿತ ಮೇಲೆ ಹೊಲಕ್ಕೆ ಸಾಗಿಸಬೇಕು ಎಂದು ಹೇಳಿದೆ.